ಪುರಿಯಲ್ಲಿ ಮೀನಿಲ್ಲದ ಮೂರು ದಿನ

ರೂಮು ಹಿಡಿಯಲು ನನ್ನನ್ನು ಮೊದಲು ಕಳಿಸಿದರು. ಕಾರ್ಖಾನೆಯ ಯೂನಿಯನ್ನಿನ ಹಾಲಿಡೇ ಹೋಮಿಗೆ ಚೀಟಿ ಎತ್ತುತ್ತಾರೆ. ಹೆಸರು ಬರೆಸಿದ ಐದನೇ ವರ್ಷಕ್ಕೆ ನಮ್ಮ ಚೀಟಿ ಬಂತು. ಮೊದಲ ದಿನ ಮಧ್ಯಾಹ್ನದೊಳಗೆ ಯಾರೂ ಹಾಜರಾಗದಿದ್ದರೆ ರೂಮು ಮುಂದಿನವರ ಪಾಲು. ನಮ್ಮ ವಾರ ಸೋಮವಾರ ಶುರುವಾಗುತ್ತಿತ್ತು, ಅವರಿಗೆ ಬುಧವಾರದವರೆಗೆ ಪಾಳಿ ಬಿದ್ದಿತ್ತು. ಅವರು ಅಂದರೆ ನನ್ನ ಗಂಡ. ಹೆಸರು ಹೇಳುವ ರೂಢಿ ನಮ್ಮ ಮನೆಯಲ್ಲಿಲ್ಲ.

"ನೀನು ಹೋಗಿ ಕೂತಿರು ಟುಕು. ಗುರುವಾರ ಬೆಳಿಗ್ಗೆ ಬರ್ತೀನಿ" ಎಂದು ಹೌರಾದಲ್ಲಿ ಹೆಂಗಸರ ಡಬ್ಬಿ ಹತ್ತಿಸಿದರು. ಅತ್ತೆ ಹೇಳಿದ್ದು ಒಂದೇ ಮಾತು. "ಶಂಖದ ಬಳೆ ಜೋಪಾನ. ಅದು ಒಡೆದರೆ ನನ್ನ ಮಗನಿಗೆ ಒಳ್ಳೆಯದಲ್ಲ."

ಹಾಲಿಡೇ ಹೋಮಿನ ಮ್ಯಾನೇಜರ್ ಹಾರಾಧನ ಬಾಬು ಗಂಡನ ಹೆಸರು ಕೇಳಿದಾಗ ನಾನು ಯೂನಿಯನ್ ಕಾಗದವನ್ನು ಮುಂದೆ ತಳ್ಳಿದೆ. ಅವರು ತಲೆಯೆತ್ತದೆ ಬರೆದುಕೊಂಡು ಬೀಗದ ಕೈ ಕೊಟ್ಟರು. ಆ ಮಧ್ಯಾಹ್ನ ಅಡಿಗೆಯ ಬನಮಾಲಿ ನನ್ನ ತಟ್ಟೆಗೆ ಮೀನಿನ ಹೊಟ್ಟೆಯ ಭಾಗದ ದೊಡ್ಡ ತುಂಡು ಹಾಕಿದ. ನಮ್ಮ ಮನೆಯಲ್ಲಿ ಏಳು ಜನ. ಮಾವನಿಗೆ ತಲೆ, ಗಂಡಸರಿಗೆ ಹೊಟ್ಟೆ, ಕೊನೆಗೆ ಕೂರುವ ನನಗೆ ಬಾಲ. ಎಣ್ಣೆ ಜಿನುಗುವ ಆ ತುಂಡನ್ನು ನಾನು ಅರ್ಧ ಗಂಟೆ ತಿಂದೆ. ಇನ್ನು ಮೂರು ದಿನ ಹೀಗೇ ಎಂದು ಲೆಕ್ಕ ಹಾಕಿದೆ.

ಮಂಗಳವಾರ ಎಂಟಕ್ಕೆ ಎದ್ದೆ. ಯಾರೂ ಚಹಾ ಕೇಳಲಿಲ್ಲ. ಹಾಸಿಗೆಯಲ್ಲೇ ಕೂತು ಅಲೆಗಳ ಸದ್ದು ಕೇಳಿದೆ. ಸ್ನಾನಕ್ಕೆ ಹೊರಡುವ ಮುಂಚೆ ಅತ್ತೆಯ ಮಾತು ನೆನಪಾಗಿ ಎರಡು ಶಂಖದ ಬಳೆ, ಎರಡು ಕೆಂಪು ಬಳೆ, ಚಿನ್ನದ ತಗಡು ಸುತ್ತಿದ ಕಬ್ಬಿಣದ ಬಳೆ, ಮುತ್ತೈದೆಯ ಗುರುತುಗಳೆಲ್ಲವನ್ನೂ ಬಿಚ್ಚಿ ಕರವಸ್ತ್ರದಲ್ಲಿ ಕಟ್ಟಿ ಪೆಟ್ಟಿಗೆಯ ತಳದಲ್ಲಿಟ್ಟೆ. ಪುರಿಯ ಅಲೆ ಎತ್ತಿ ಒಗೆದರೆ ಮನುಷ್ಯರೇ ಉಳಿಯುವುದಿಲ್ಲ, ಶಂಖದ ಬಳೆ ಉಳಿಯುತ್ತದೆಯೇ. ಬೈತಲೆಯ ಸಿಂಧೂರ ಮೂರನೇ ಅಲೆಗೆ ತೊಳೆದುಹೋಯಿತು. ಸಂಜೆ ಮತ್ತೆ ನೀರಿಗಿಳಿಯುವವಳು, ಈಗ ಯಾಕೆ ಎಂದು ಹಚ್ಚಿಕೊಳ್ಳಲಿಲ್ಲ.

ಮರಳಿ ಬಂದಾಗ ಹಳಬರೆಲ್ಲ ಖಾಲಿ ಮಾಡಿದ್ದರು. ಹೊಸದಾಗಿ ಮೊಂಟುದಾ ಎಂಬುವರ ಸಂಸಾರ ಬಂದಿತ್ತು. ಅವರು, ಹೆಂಡತಿ ಶೆಫಾಲಿ ಬೌದಿ, ಜೊತೆಗೆ ಬಿಳಿ ಸೀರೆಯ ಸೋದರತ್ತೆ. ಅವರನ್ನು ಎಲ್ಲರೂ ಪಿಶಿಮಾ ಎನ್ನುತ್ತಿದ್ದರು. ಪಿಶಿಮಾ ವಿಧವೆ, ನಮ್ಮಲ್ಲಿ ವಿಧವೆಯರು ಮೀನು ಮುಟ್ಟುವಂತಿಲ್ಲ. ಬನಮಾಲಿಯ ಅಡಿಗೆಮನೆಗೆ ಮೀನಿನ ಮೈಲಿಗೆ ಎಂದು ವರಾಂಡದ ಮೂಲೆಯಲ್ಲಿ ತಮ್ಮದೇ ಸ್ಟೋವ್ ಹೂಡಿಕೊಂಡಿದ್ದರು.

ಊಟಕ್ಕೆ ಕೂತೆ. ಮಾಂಜಿ ಮೀನಿನ ಸಾರು ಬಂತು. ಬನಮಾಲಿಯ ಸೌಟು ನನ್ನ ತಟ್ಟೆಯ ಮೇಲೆ ಬರುವಷ್ಟರಲ್ಲಿ ಒಂದು ಕೈ ಬಂದು ಅವನ ಮಣಿಕಟ್ಟು ಹಿಡಿಯಿತು.

"ಅವಳಿಗೆ ಹಾಕ್ತಾ ಇದೀಯಲ್ಲ, ಕಣ್ಣು ಕಾಣಲ್ವಾ ನಿನಗೆ?"

ಪಿಶಿಮಾ ನನ್ನ ಬರಿಗೈ ನೋಡಿದರು, ಬೈತಲೆ ನೋಡಿದರು. ಅವರ ಮುಖ ಕರಗಿತು. "ಇಷ್ಟು ಚಿಕ್ಕ ವಯಸ್ಸು" ಎಂದರು. "ಬಾ ಮಗಳೇ. ನನ್ನ ಒಲೆಯದು ತಿನ್ನು."

"ಪಿಶಿಮಾ, ನಾನು..."

"ಏನೂ ಹೇಳಬೇಡ. ಹೇಳಿದಷ್ಟೂ ಉರಿಯತ್ತೆ. ನಾನು ದಾಟಿ ಬಂದವಳಲ್ವಾ?"

ಏಳನೇ ಕ್ಲಾಸಿಗೆ ಶಾಲೆ ಬಿಟ್ಟಾಗಲೂ ಹೀಗೇ ಆಗಿತ್ತು. ಯಾಕೆ ಬಿಡ್ತೀಯ ಎಂದು ಮೇಡಂ ಕೇಳಿದ್ದರು, ನಾನು ಬಾಯಿ ತೆರೆಯುವಷ್ಟರಲ್ಲಿ ಬೇರೆ ಯಾರೋ ಉತ್ತರ ಕೊಟ್ಟಿದ್ದರು. ಈಗ ನನ್ನ ತಟ್ಟೆಯಲ್ಲಿ ಅನ್ನ, ತುಪ್ಪ, ಸೋರೆಕಾಯಿ ಬಂದು ಕೂತಿತು. ಎದುರಿನಲ್ಲಿ ಮೊಂಟುದಾ ಮಾಂಜಿಯ ಮುಳ್ಳು ಚೀಪುತ್ತಿದ್ದರು.

ಊಟದ ನಂತರ ಹೇಳೋಣವೆಂದುಕೊಂಡೆ. ಕೈ ತೊಳೆಯಲು ಹೋದರೆ ನಲ್ಲಿಯ ಆಚೆ ಬೌದಿಯ ದನಿ ಕೇಳಿತು.

"ಮೋಲ್ಡಿಂಗ್ ಶಾಪಿನಲ್ಲಿ ಹೋದ ವರ್ಷ ಒಬ್ಬ ಹುಡುಗ ಹೋದನಲ್ಲ, ಅವನ ಹೆಂಡ್ತಿನೇ ಇರಬೇಕು. ಅದಕ್ಕೇ ಯೂನಿಯನ್ನಿನವರು ರೂಮು ಕೊಟ್ಟಿದ್ದಾರೆ."

"ಯಾರೂ ಕೇಳಬೇಡಿ. ಅವಳ ಮುಂದೆ ಮೀನಿನ ಹೆಸರೂ ಎತ್ತಬೇಡಿ" ಎಂದರು ಪಿಶಿಮಾ.

"ತಟ್ಟೆ ತುಂಬ ಇಟ್ಕೊಂಡು ಹೆಸರೆತ್ತಬೇಡ ಅಂದ್ರೆ ಹೇಗೆ ಪಿಶಿಮಾ?" ಎಂದರು ಮೊಂಟುದಾ.

ನನ್ನ ಗಂಡನನ್ನು ಅವರು ಹೋದ ವರ್ಷವೇ ಸಾಯಿಸಿಯಾಗಿತ್ತು. ರೂಮಿಗೆ ಹೋಗಿ ಪೆಟ್ಟಿಗೆ ತೆಗೆದು ಬಳೆಯ ಗಂಟು ಮುಟ್ಟಿ ನೋಡಿದೆ. ಈಗ ತೊಟ್ಟು ಹೊರಗೆ ಬಂದರೆ? ವಿಧವೆ ಮಧ್ಯಾಹ್ನದ ನಿದ್ದೆ ಮುಗಿಸಿ ಮುತ್ತೈದೆಯಾಗಿ ಎದ್ದಳು ಎನ್ನುತ್ತಾರೆ. ನಿಜ ಹೇಳಿದರೆ? ಇವರೆಲ್ಲ ನಮ್ಮ ಕಾರ್ಖಾನೆಯವರೇ. ಟುಕು ಗಂಡ ಬದುಕಿರುವಾಗಲೇ ಬರಿಗೈಯಲ್ಲಿ ತಿರುಗುತ್ತಿದ್ದಳೆಂಬ ಸುದ್ದಿ ನನಗಿಂತ ಮುಂಚೆ ಅತ್ತೆಯನ್ನು ತಲುಪುತ್ತದೆ. ಆಮೇಲೆ ನನ್ನ ಗಂಡನಿಗೆ ಸೀನು ಬಂದರೂ ಅದು ನನ್ನ ತಲೆಗೇ. ಗಂಟನ್ನು ಮತ್ತೆ ತಳದಲ್ಲಿಟ್ಟೆ. ರಾತ್ರಿಯೂ ಸೋರೆಕಾಯಿ.

ಬುಧವಾರ ನನ್ನ ಸಮುದ್ರವೂ ಹೋಯಿತು. ಮರಳಿನ ಮೇಲೆ ಕಾಲು ಚಾಚಿ ಏನನ್ನೂ ಯೋಚಿಸದೆ ಕೂತಿದ್ದೆ. ಹಾಗೆ ಕೂರುವುದು ಎಷ್ಟು ಸುಖವೆಂದು ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಹತ್ತು ನಿಮಿಷದಲ್ಲಿ ಪಿಶಿಮಾ ಬಂದು ಪಕ್ಕದಲ್ಲಿ ಕೂತರು.

"ಒಬ್ಬಳೇ ಕೂತು ನೀರು ನೋಡಬಾರದು ಮಗಳೇ. ನೀರು ಕರೆಯತ್ತೆ."

"ನಂಗೇನೂ ಆಗಲ್ಲ ಪಿಶಿಮಾ."

"ಎಲ್ಲರೂ ಹಾಗೇ ಅಂತಾರೆ."

ನಾನು ಸ್ನಾನಕ್ಕೆ ಎದ್ದೆ. ಅವರು ಚೂಪು ಟೋಪಿಯ ನುಲಿಯಾನನ್ನು ಕರೆದರು. ಅಲೆಯಲ್ಲಿ ಜನರ ಕೈ ಹಿಡಿದು ಮುಳುಗಿಸಿ ಎಬ್ಬಿಸುವುದೇ ಅವನ ಕೆಲಸ. "ಈ ಹುಡುಗಿಯ ಕೈ ಬಿಟ್ಟೀಯ, ಜೋಕೆ. ಮನಸ್ಸು ಸರಿಯಿಲ್ಲ ಅವಳದು" ಎಂದರು. ಅವನು ಮೊಣಕಾಲು ಮುಳುಗುವುದಕ್ಕೆ ಮುಂಚೆಯೇ ನನ್ನ ಮಣಿಕಟ್ಟನ್ನು ಕಳ್ಳನ ಕೈಯಂತೆ ಹಿಡಿದ. ಹಿಂದಿನ ದಿನ ಅಲೆಯ ಮೇಲೆ ಬೆನ್ನು ಚೆಲ್ಲಿ ತೇಲಿದವಳು ನಾನು. ಈಗ ಬಟ್ಟೆಯ ಹಾಗೆ ಎರಡು ಸಲ ಅದ್ದಿ ದಡಕ್ಕೆ ಬಿಟ್ಟ.

ಸಾಕಾಯಿತು, ಈಗ ಹೇಳಿಯೇ ಬಿಡುತ್ತೇನೆ ಎಂದು ಸೆರಗು ಹಿಂಡುತ್ತ ಅವರ ಮುಂದೆ ನಿಂತೆ. ಅವರೇ ಶುರು ಮಾಡಿದರು.

"ನಂಗೆ ಹತ್ತೊಂಬತ್ತು ಆಗ. ಅವರು ಹೋದ ಹನ್ನೊಂದನೇ ದಿನ ಅಡಿಗೆಮನೆಯಲ್ಲಿ ಇಲಿಶ್ ಮೀನು ಕರೀತಾ ಇದ್ರು. ಬಾಲದ ತುಂಡು ಅಂದ್ರೆ ನಂಗೆ ಪ್ರಾಣ. ಗರಿಗರಿಯಾಗಿರತ್ತಲ್ಲ. ವಾಸನೆ ಬರತ್ತೆ, ಎದ್ದು ಹೋಗೋ ಹಾಗಿಲ್ಲ. ಅವರ ಮುಖ ಈಗ ಸರಿಯಾಗಿ ನೆನಪಿಲ್ಲ ಮಗಳೇ. ಆ ವಾಸನೆ ನೆನಪಿದೆ." ಸೆರಗಿನ ಮರಳು ಕೊಡವಿಕೊಂಡು, "ಜೊತೆಗೆ ಕೂತು ತಿನ್ನೋರು ಒಬ್ಬರೂ ಇರಲಿಲ್ಲ. ಐವತ್ತು ವರ್ಷದಲ್ಲಿ ನೀನೇ ಮೊದಲು" ಎಂದರು.

ಹೇಳಬೇಕೆಂದಿದ್ದನ್ನು ಬಿಟ್ಟು, ಹಿಂಡಿದ ಸೆರಗನ್ನೇ ಮತ್ತೆ ಹಿಂಡಿದೆ. ರಾತ್ರಿ ಅವರು ನನಗಾಗಿ ಬೇಳೆಯ ವಡೆ ಹಾಕಿದ ಸೋರೆಕಾಯಿ ಮಾಡಿದರು. ರುಚಿಯಾಗಿತ್ತು, ಅದು ಇನ್ನೂ ಕಿರಿಕಿರಿ. ಬೈಯಲೂ ಬರುವಂತಿರಲಿಲ್ಲ.

ಗುರುವಾರಕ್ಕೆ ಒಂದು ಉಪಾಯ ಮಾಡಿದೆ. ಬಳೆಯ ಗಂಟು ಚೀಲದಲ್ಲಿಟ್ಟುಕೊಂಡು ಸ್ಟೇಷನ್ನಿಗೆ ಹೋಗುವುದು, ಅಲ್ಲೇ ತೊಟ್ಟು ಸಿಂಧೂರ ಇಟ್ಟುಕೊಳ್ಳುವುದು, ಗಾಡಿ ಇಳಿಯುವ ಗಂಡನಿಗೆ ಎಲ್ಲ ಹೇಳಿ ಬೇರೆ ಹೋಟೆಲಿಗೆ ಹೋಗೋಣವೆನ್ನುವುದು. ಹೋದೆ. ಗಾಡಿ ಐದು ಗಂಟೆ ತಡವೆಂದು ಬೋರ್ಡಿನಲ್ಲಿ ಬರೆದಿದ್ದರು. ಮೂರು ಗಂಟೆ ಬೆಂಚಿನ ಮೇಲೆ ಕಾದೆ. ಊಟ ಮಾಡಿ ಮತ್ತೆ ಬರೋಣವೆಂದು ವಾಪಸ್ಸು ಬಂದೆ. ಗಾಡಿ ಅಷ್ಟರಲ್ಲಿ ತಡವನ್ನು ಒಂದು ಗಂಟೆ ಕಡಿಮೆ ಮಾಡಿಕೊಂಡಿತ್ತು. ನಮ್ಮ ಗಾಡಿಗಳು ಮರ್ಯಾದೆ ಕಾಪಾಡುವ ದಿನ ಅದೊಂದೇ ಇರಬೇಕು.

ಪಿಶಿಮಾ ನನ್ನ ತಟ್ಟೆಗೆ ತುಪ್ಪ ಹಾಕುತ್ತಿದ್ದರು. ಹಾರಾಧನ ಬಾಬು ಬಾಗಿಲಲ್ಲಿ ಕಾಣಿಸಿಕೊಂಡರು. ಅವರ ಹಿಂದೆ ಕೈಯಲ್ಲಿ ಸೂಟ್‌ಕೇಸ್, ಕೆದರಿದ ಕೂದಲು, ನಮ್ಮವರು.

"ಸ್ಟೇಷನ್ನಿಗೆ ಬರ್ತೀಯ ಅಂದ್ಕೊಂಡಿದ್ನಲ್ಲ ಟುಕು? ಎಲ್ಲ ಕಡೆ ಹುಡುಕಿದೆ. ಹೊಟ್ಟೆ ಹಸಿದು ಸಾಯ್ತಾ ಇದೀನಿ."

ಎಲ್ಲ ಕೈಗಳೂ ನಿಂತವು. ಬೌದಿ ಆಸೆಯಿಂದ, "ಅಣ್ಣನಾ?" ಎಂದು ಕೇಳಿದರು.

ಹೌದೆಂದು ತಲೆಯಾಡಿಸಿದ್ದರೆ ಆಗಿಹೋಗುತ್ತಿತ್ತು. ನಾಲ್ಕು ದಿನ ಅವರನ್ನು ಅಣ್ಣ ಎನ್ನುತ್ತ ಸೋರೆಕಾಯಿ ತಿನ್ನುವುದನ್ನು ನೆನೆದೆ. ತಲೆ ಆಡಲಿಲ್ಲ.

"ಗಂಡ" ಎಂದೆ. "ಸತ್ತಿಲ್ಲ."

"ಸತ್ತಿಲ್ಲ ಅಂದ್ರೆ?" ಎಂದರು ನಮ್ಮವರು.

ಪಿಶಿಮಾ ತುಪ್ಪದ ಬಟ್ಟಲು ಕೆಳಗಿಟ್ಟರು. "ಬಳೆ ಎಲ್ಲಿ?"

"ಸಮುದ್ರದಲ್ಲಿ ಒಡೆಯತ್ತೆ ಅಂತ ತೆಗೆದಿಟ್ಟೆ. ಒಡೆದರೆ ಇವರಿಗೆ ಒಳ್ಳೆಯದಲ್ಲ ಅಂತ ಅತ್ತೆ ಹೇಳಿದ್ರು."

"ಅದಕ್ಕೆ ಬಿಚ್ಚಿಟ್ಟು ಮೂರು ದಿನ ಸಾಯಿಸಿಟ್ಟೆಯಾ?"

"ಸಾಯಿಸಿದ್ದು ನಾನಲ್ಲ ಪಿಶಿಮಾ. ನೀವು."

ಮೊಂಟುದಾ ನಗಲು ಹೋಗಿ ಮುಳ್ಳು ಸಿಕ್ಕಿಸಿಕೊಂಡು ಕೆಮ್ಮಿದರು. ಪಿಶಿಮಾ ಅವರತ್ತ ತಿರುಗಲೇ ಇಲ್ಲ. "ಬಾಯಿಲ್ವಾ ನಿನಗೆ? ಜೊತೆಗೆ ಕೂತು ಐದು ಊಟ ಮಾಡಿದ್ಯಲ್ಲೇ. ನಾನು ಅಷ್ಟೆಲ್ಲ ಹೇಳಿಕೊಂಡೆ, ಕೇಳಿಸಿಕೊಂಡ್ಯಲ್ಲೇ."

"ಹೇಳೋಕೆ ಬಂದಾಗೆಲ್ಲ ಹೇಳಬೇಡ ಅಂದ್ರಿ."

ನಾನು ಚೀಲದಿಂದ ಬಳೆಯ ಗಂಟು ಹೊರತೆಗೆದೆ. ಪಿಶಿಮಾ, "ಶೆಫಾಲಿ, ಸೋಪು ತಾ, ನೀನೇ ತೊಡಿಸು. ಮುತ್ತೈದೆಯ ಬಳೆ ನಾನು ಮುಟ್ಟೋ ಹಾಗಿಲ್ಲ" ಎಂದು ಮೂರು ಹೆಜ್ಜೆ ಹಿಂದೆ ಸರಿದು ಗೋಡೆಗೆ ಅಂಟಿ ನಿಂತರು. ಅಲ್ಲಿಂದಲೇ ನಡೆಸಿದರು. "ಹೆಬ್ಬೆರಳು ಮಡಚು. ಜೋರಾಗಿ ತಳ್ಳಬೇಡ ಶೆಫಾಲಿ, ಒಡೆದೀತು. ನೊರೆ ಇನ್ನಷ್ಟು ಹಚ್ಚು. ಇವಳ ಕೈ ನನ್ನ ತುಪ್ಪ ತಿಂದು ಊದಿದೆ." ಕೊನೆಯ ಬಳೆ ಕೈಗೇರಿದಾಗ ಅವರೇ ಉಸಿರು ಬಿಟ್ಟರು. "ನಿನ್ನ ಅತ್ತೆಗೆ ಇಲ್ಲಿಂದ ಯಾರೂ ಹೇಳಲ್ಲ. ಹೇಳಿದ್ರೆ ನಾನು ಮಾಡಿದ್ದೂ ಹೇಳಬೇಕಾಗತ್ತೆ. ಮೊಂಟು, ಕೇಳಿಸ್ತಾ?"

ಬನಮಾಲಿ ಕರಿದ ಮೀನು ತಂದ. ಸತ್ತು ಬದುಕಿ ಬಂದವರಿಗೆ ಹೊಟ್ಟೆಯ ತುಂಡು ಹಾಕಿದ. ಪಾತ್ರೆಯಲ್ಲಿ ಇನ್ನೊಂದೇ ತುಂಡಿತ್ತು. ನನಗೆ ಬಂದದ್ದು ಬಾಲ.

ಅದನ್ನು ಮುರಿಯುವಾಗ ಮೂಲೆಯ ಸ್ಟೋವಿನ ಕಡೆ ನೋಡಿದೆ. ಪಿಶಿಮಾ ಬೆನ್ನು ತಿರುಗಿಸಿ ಒಬ್ಬರೇ ತಿನ್ನುತ್ತಿದ್ದರು. ಬಾಲದ ತುಂಡು ಗರಿಗರಿಯಾಗಿತ್ತು. ಅದೂ ಒಂದು ಸಿಟ್ಟು.

ಸಂಜೆ ನಮ್ಮವರು ದಡದಲ್ಲಿ ತಮ್ಮ ವಾಚು, ಚಪ್ಪಲಿ, ಟವೆಲ್ ಎಲ್ಲ ನನ್ನ ಕೈಗೆ ಕೊಟ್ಟು, "ಹಿಡ್ಕೊಂಡಿರು, ಒಂದು ಮುಳುಗು ಹಾಕಿ ಬರ್ತೀನಿ" ಎಂದು ನುಲಿಯಾನ ಜೊತೆ ಹೋದರು. ನಾನು ಗೂಟದಂತೆ ನಿಂತೆ. ಅರ್ಧ ಗಂಟೆಯಾಯಿತು. ಒಂದು ಮುಳುಗು ಮುಗಿಯಲಿಲ್ಲ.

ಹಿಂದಿನಿಂದ ಪಿಶಿಮಾ ಬಂದು ಮರಳಿನ ಮೇಲೆ ಕೂತರು. "ನಾಳೆ ಸೋರೆಕಾಯಿಗೆ ಗಸಗಸೆ ಹಾಕ್ತೀನಿ. ಬೇಕಾ, ಬೇಡ್ವಾ? ಬಾಯಿಬಿಟ್ಟು ಹೇಳು ಈ ಸಲ."

"ಬೇಕು" ಎಂದೆ. "ಮೀನೂ ಬೇಕು. ಹೊಟ್ಟೆಯ ತುಂಡು. ಬನಮಾಲಿಗೆ ನೀವೇ ಹೇಳಿ."

"ಹೇಳ್ತೀನಿ. ಈಗೇನು, ಇಲ್ಲೇ ನಿಂತಿರ್ತೀಯಾ?"

ಚಪ್ಪಲಿ ಮತ್ತು ಟವೆಲನ್ನು ಪಿಶಿಮಾ ಪಕ್ಕದಲ್ಲಿ ಮರಳಿನ ಮೇಲಿಟ್ಟೆ. ವಾಚನ್ನು ಅವರ ಮಡಿಲಿಗೆ ಹಾಕಿದೆ. ಬಳೆಗಳಿಗೆ ನೀರು ತಾಕದಂತೆ ಎರಡೂ ಕೈ ತಲೆಯ ಮೇಲೆತ್ತಿಕೊಂಡು, ಪೊಲೀಸರಿಗೆ ಸಿಕ್ಕಿಬಿದ್ದವಳಂತೆ ಸಮುದ್ರಕ್ಕೆ ಇಳಿದೆ.