ಜೈನ್ ದೋಸೆಗೆ ಇಳಿದ ಚಟ್ನಿ

ಪ್ರಿಂಟರ್ ಮತ್ತೆ ಕಿರ್ರೆನ್ನುತ್ತಿದೆ, ಅಡುಗೆಮನೆಗೆ ಇನ್ನೊಂದು ಚೀಟಿ, ಎಷ್ಟು ಚೆಂದದ ಸದ್ದು ಎಂದುಕೊಂಡಿದ್ದೆ ನಿನ್ನೆಯವರೆಗೆ, ಗೋರ್ವಾ ಬಡಾವಣೆಯ ಈ ಉಡುಪಿ ಹೋಟೆಲಿಗೆ ನಾನೇ ಬರೆದುಕೊಟ್ಟ ಪ್ರೋಗ್ರಾಮು, ಈ ತೊಂಬತ್ತೇಳನೇ ಇಸವಿಯಲ್ಲಿ ವಡೋದರಾದ ಯಾವ ಹೋಟೆಲಿನಲ್ಲಿದೆ ಇಂಥದ್ದು ಎಂದು ಸದಾಶಿವ ಮಾವ ಗಲ್ಲಾದಲ್ಲಿ ಕೂತು ಬಂದವರಿಗೆಲ್ಲ ಹೇಳುತ್ತಿದ್ದರು, ನಮ್ಮ ಚೈತ್ರಾ ಮಾಡಿದ್ದು — ನಾನೂ ಉಬ್ಬಿದೆ, ದೋಸೆ ಅಂತ ಒಂದು ಮೂಲ ಕ್ಲಾಸು ಮಾವ, ಮಸಾಲೆ, ಮೈಸೂರು, ಜೈನ್ ಎಲ್ಲ ಅದರಿಂದ ಹುಟ್ಟಿದವು, ಜೊತೆಗೆ ಏನೇನು ಬಡಿಸಬೇಕೆಂದು ಮೂಲದಲ್ಲಿ ಒಮ್ಮೆ ಬರೆದರೆ ಎಲ್ಲದಕ್ಕೂ ತಾನಾಗಿ ಇಳಿಯುತ್ತದೆ, ಇದಕ್ಕೇ ಇನ್‌ಹೆರಿಟೆನ್ಸ್ ಅನ್ನುವುದು, ಒಂದೇ ಕೆಲಸ ಹತ್ತು ಸಲ ಮಾಡುವ ಕರ್ಮವಿಲ್ಲ, ಜೈನರು ಗೆಡ್ಡೆ ಮುಟ್ಟುವುದಿಲ್ಲವೆಂದು ಅವರ ದೋಸೆಯಿಂದ ಈರುಳ್ಳಿ, ಆಲೂಗಡ್ಡೆ ತೆಗೆದುಬಿಟ್ಟೆ, ಮುಗಿಯಿತು — ಮುಗಿಯಿತೇ, ಬೆಳಿಗ್ಗೆ ಮಾವ ಹೊಸದಾಗಿ ಬೀಟ್‌ರೂಟ್ ಚಟ್ನಿ ಶುರುಮಾಡುವ ಅಂದರು, ನಾನು ಮೂಲದಲ್ಲಿ ಒಂದು ಸಾಲು ಸೇರಿಸಿದೆ, ಅದು ತೆಪ್ಪಗೆ ಜೈನ್ ದೋಸೆಗೂ ಇಳಿಯಿತು, ಚೀಟಿಯಲ್ಲಿ ಇದ್ದಷ್ಟನ್ನೇ ಬಡಿಸಿ ಎಂದು ಅಡುಗೆಯವರಿಗೆ ಹೇಳಿಕೊಟ್ಟವಳೂ ನಾನೇ, ಜೈನ್ ದೋಸೆಯನ್ನು ಬೇರೆಯಾಗಿಯೇ ಬರೆದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು, ಸೋಮಾರಿತನಕ್ಕೆ ಜಾಣತನ ಅಂತ ಹೆಸರಿಟ್ಟೆ, ನಾಚಿಕೆಯಾಗುತ್ತಿದೆ.

ಅಲ್ಲಿ ಕಿಟಕಿಯ ಮೇಜಿನಲ್ಲಿ ಕಾಂತಾಬೆನ್, ದೇರಾಸರದಲ್ಲಿ, ಅಂದರೆ ಅವರ ಬಸದಿಯಲ್ಲಿ, ಪೂಜೆ ಮುಗಿಸಿ ನೇರ ಇಲ್ಲಿಗೇ ಬರುವವರು, ಈ ವಯಸ್ಸಿನವರೆಗೂ ನೆಲದಡಿ ಬೆಳೆದದ್ದನ್ನು ನಾಲಿಗೆಗೆ ಸೋಕಿಸದವರು, ಬೀಟ್‌ರೂಟಿನ ರುಚಿಯೇ ಗೊತ್ತಿಲ್ಲದವರು, ಕೆಂಪಾದ ಬೆರಳು ತೋರಿಸಿ ಕೇಳಿದರು, ಬಹುತ್ ಸರಸ್ ಹೈ ಬೇಟಾ, ಇಸ್ ಮೇ ಕೋಕಮ್ ಹೈ ನಾ, ಬಹಳ ಚೆನ್ನಾಗಿದೆಯಂತೆ, ಬಣ್ಣ ನೋಡಿ ನಮ್ಮ ಪುನರ್ಪುಳಿ ಅಂದುಕೊಂಡಿದ್ದಾರೆ — ನಾನು ಬಾಯಿ ತೆರೆಯುವಷ್ಟರಲ್ಲಿ ಮಾವ ಹಾಂ ಬೆನ್ ಅಂದುಬಿಟ್ಟರು, ನನ್ನ ಕಡೆ ತಿರುಗಿ ಮೆಲ್ಲಗೆ, ಹೇಳಿ ಎಂತ ಮಾಡುದು ಮಾರಾಯ್ತಿ, ತಿಂದಾಯ್ತಲ್ಲ, ಆ ಅಜ್ಜಿ ಪ್ರಾಯಶ್ಚಿತ್ತ ಅಂತ ಉಪವಾಸ ಕೂತ್ರೆ ನೋಡುವವರು ಯಾರು, ನೀನು ಮೊದ್ಲು ಅದನ್ನು ಸರಿ ಮಾಡು — ಸರಿ ಮಾಡಿದೆ, ಬೀಟ್‌ರೂಟನ್ನೂ ತೆಗೆ ಎಂದು ಇನ್ನೊಂದು ಸಾಲು, ಕಂಪೈಲ್ ಆಯಿತು, ಅವರ ಎರಡನೇ ದೋಸೆ ಬರೀ ಬಿಳಿ ಚಟ್ನಿಯೊಂದಿಗೆ ಬಂತು, ಕಂಪ್ಯೂಟರಿಗೆ ಎಷ್ಟು ಸುಲಭ, ಈಗ ಎದ್ದು ಹೋಗಿ ಹೇಳಬೇಕು, ಅದು ಕೋಕಮ್ ಅಲ್ಲ ಬೆನ್, ಕೀಲಿಮಣೆಯ ಮುಂದೆಯೇ ಕೂತಿದ್ದೇನೆ, ಅವರು ಹೊಸ ತಟ್ಟೆ ನೋಡುತ್ತಾರೆ, ವೋ ಲಾಲ್‌ವಾಲಿ ನಹೀಂ ದೀ, ಆ ಕೆಂಪಗಿನದು ಕೊಡಲಿಲ್ಲವಲ್ಲ ಎಂದು ನಗುತ್ತಾರೆ, ಹಳೆಯ ತಟ್ಟೆಯನ್ನೇ ಹತ್ತಿರ ಎಳೆದು ಅಂಚಿಗೆ ಉಳಿದದ್ದನ್ನು ಬೆರಳಿನಿಂದ ಬಳಿದುಕೊಳ್ಳುತ್ತಾರೆ, ಬೇಡ ಬೆನ್, ಇನ್ನೂ ಹೊತ್ತಿದೆ, ಎದ್ದು ಹೇಳು, ಬೆರಳ ತುದಿ ಕೆಂಪು, ಬೇಡ ಅನ್ನು ಚೈತ್ರಾ, ಕೆಂಪು ಬೆರಳು ತುಟಿಯ ಹತ್ತಿರ, ಅನ್ನು, ಕೆಂಪು ಬೆರಳು —