ಹದಿನಾರರ ಜಾಗದಲ್ಲಿ ಮೂವತ್ತೆರಡು

ಗೋಡೆಯೊಳಗಿನ ಕರೆಂಟಿನ ವೈರ್‌ಗೆ ಬಾಯಿಲ್ಲ. ತಾಳಲಾರದಷ್ಟು ಕರೆಂಟು ಹರಿದರೆ ಅದರ ಪರವಾಗಿ ತಾನೇ ಬಿದ್ದು ಕರೆಂಟು ಕಡಿಯುವುದು ಬೋರ್ಡಿನ ಬ್ರೇಕರ್ ಒಂದೇ. ಇದನ್ನು ಕರೆಂಟು ಮೇಸ್ತ್ರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಇಪ್ಪತ್ತು ವರ್ಷದಿಂದ ಊರಿಗೆಲ್ಲ ಅವನೇ ಹೇಳುತ್ತ ಬಂದಿದ್ದ. ಅಂಥವನು ತಂಗಿಯ ಮನೆಗೆ ಬಂದಾಗ ಮಾತ್ರ ಬುದ್ಧಿಯನ್ನು ಬಾಗಿಲಾಚೆ ಬಿಟ್ಟು ಬಂದ.

ತಂಗಿಯ ಅತ್ತೆ ಹಾಸಿಗೆ ಹಿಡಿದು ಎರಡು ವರ್ಷ. ಹಿಂದಿನ ಕೋಣೆಯಲ್ಲಿ ಮಲಗಿದ್ದ ಮುದುಕಿಗೆ ಸದಾ ಚಳಿ. ಹೀಟರ್ ಹಾಕಿ, ಅದೇ ಕೋಣೆಯಲ್ಲಿ ಇಸ್ತ್ರಿಪೆಟ್ಟಿಗೆಯನ್ನೂ ಹಾಕಿದರೆ ಸಾಕು, ಆ ಕೋಣೆಯ ಹದಿನಾರು ಆಂಪಿಯರ್ ಬ್ರೇಕರ್ ಟಪ್ಪೆಂದು ಬೀಳುತ್ತಿತ್ತು.

“ಏನಣ್ಣಾ, ಹೆಸರಿಗೆ ದೊಡ್ಡ ಮೇಸ್ತ್ರಿ, ತಂಗಿ ಮನೇಲಿ ಕತ್ತಲೆ! ಬೋರ್ಡಲ್ಲಿ ಇನ್ನೂ ಎರಡು ಖಾನೆ ಖಾಲಿ ಇದೆ. ಇನ್ನಷ್ಟು ತಡೆಯುತ್ತೆ ತಾನೇ?”

“ಖಾನೆ ಖಾಲಿ ಇದ್ರೆ ಆಯ್ತೇನೇ ಪೆದ್ದಿ? ಗೋಡೆ ಒಳಗಿನ ವೈರು ಸಣ್ಣದು. ಬೇರೆ ವೈರು ಎಳೀಬೇಕು. ಮುಂದಿನ ವಾರ ಬರ್ತೀನಿ.”

“ನಿನ್ನ ಮುಂದಿನ ವಾರಾನ ನಾನು ಹುಟ್ಟಿದಾಗಿಂದ ಕೇಳ್ತಿದ್ದೀನಿ!”

ಅವನು ನಕ್ಕ. ನಗುತ್ತಲೇ ಹದಿನಾರನ್ನು ಕಿತ್ತು ಚೀಲಕ್ಕೆ ಹಾಕಿಕೊಂಡು, ಮೂವತ್ತೆರಡರದ್ದನ್ನು ಕೂರಿಸಿದ. ಒಂದು ವಾರದ ಮಟ್ಟಿಗೆ, ಅಷ್ಟೇ. ಆಮೇಲೆ ವೈರು ಎಷ್ಟು ಕಾದರೂ ಬ್ರೇಕರ್ ಬೀಳಲಿಲ್ಲ. ಬೀಳದಿದ್ದ ಮೇಲೆ ನೆನಪು ಮಾಡುವವರು ಯಾರು? ಆ ಒಂದು ವಾರ ಏಳು ತಿಂಗಳಾಯಿತು.

ಮೊನ್ನೆ ಮಧ್ಯಾಹ್ನ ತಂಗಿ ಹೀಟರ್ ಹಾಕಿ, ಇಸ್ತ್ರಿಪೆಟ್ಟಿಗೆ ಕಾಯಲು ಇಟ್ಟು, ಒಣಗಿದ ಬಟ್ಟೆ ತರಲು ತಾರಸಿಗೆ ಹೋದಳು. ಇಳಿದು ಬರುವಷ್ಟರಲ್ಲಿ ಬೆಂಕಿ ಗೋಡೆಯಿಂದ ಪರದೆಗೆ, ಪರದೆಯಿಂದ ಹಾಸಿಗೆಗೆ ಹಬ್ಬಿತ್ತು. ಮುದುಕಿ ಉಳಿಯಲಿಲ್ಲ.

ಇವತ್ತು ಬೆಳಿಗ್ಗೆ ಮೇಸ್ತ್ರಿ ಎಲ್ಲರಿಗಿಂತ ಮೊದಲು ಬಂದ. ನಡುಮನೆಯ ಬೋರ್ಡಿಗೆ ಬರೀ ಹೊಗೆ ಹಿಡಿದಿತ್ತು. ಮೂವತ್ತೆರಡು ಇನ್ನೂ ತಲೆಯೆತ್ತಿಕೊಂಡೇ ಇತ್ತು, ಬಿದ್ದೇ ಇರಲಿಲ್ಲ. ಅಯ್ಯೋ ಪಾಪಿ, ಅಲ್ಲೇ ಕುಸಿದು ಕೂತು, ಬಂದವರೆದುರು ಗೋಳೋ ಎಂದು ಅತ್ತುಬಿಡಬಾರದಿತ್ತೆ! ಲೈಸೆನ್ಸ್ ಹೋಗುತ್ತದೆ, ಜೈಲಾಗುತ್ತದೆ, ತಂಗಿ ಮತ್ತೆ ಮುಖ ನೋಡುವುದಿಲ್ಲ ಎಂದೆಲ್ಲ ಅನ್ನಿಸಿತು. ಕರೆಂಟನ್ನು ಕಂಬದಲ್ಲೇ ಕಡಿದಿದ್ದರು. ಚೀಲದ ತಳದಲ್ಲಿ ಹಳೆಯ ಹದಿನಾರು ಹಾಗೇ ಇತ್ತು. ಮೂವತ್ತೆರಡನ್ನು ಕಿತ್ತು ಅದನ್ನು ಕೂರಿಸಿ, ಬಿದ್ದ ಹಾಗೆ ಕಾಣಲೆಂದು ಗುಂಡಿಯನ್ನು ಕೆಳಗೆ ಒತ್ತಿ, ಮೇಲೆ ಒಂದಿಷ್ಟು ಮಸಿ ಸವರಿದ.

ವಿದ್ಯುತ್ ಇಲಾಖೆಯ ಇನ್‌ಸ್ಪೆಕ್ಟರ್ ಬಂದು ಟಾರ್ಚ್ ಬಿಟ್ಟು ನೋಡಿದರು. “ಬೋರ್ಡಲ್ಲಿ ತಪ್ಪಿಲ್ಲ. ವೈರ್‌ಗೆ ತಕ್ಕ ಬ್ರೇಕರೇ ಇದೆ, ಬಿದ್ದೂ ಇದೆ. ಇಸ್ತ್ರಿಪೆಟ್ಟಿಗೆ ಬಟ್ಟೆಗೆ ತಾಗಿರಬೇಕು.”

ತಂಗಿಯ ಗಂಡ ತಿರುಗಿ ಹೆಂಡತಿಯನ್ನು ನೋಡಿದ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

“ಪೆಟ್ಟಿಗೇನ ನೆಟ್ಟಗೇ ನಿಲ್ಸಿದ್ದೆ ಅಣ್ಣಾ,” ತಂಗಿ ಅವನ ತೋಳು ಹಿಡಿದುಕೊಂಡಳು. “ನಿಲ್ಸಿದ್ದೆ ಅಂತ್ಲೇ ನೆನಪು. ಆದ್ರೆ ಬೋರ್ಡು ನೀನೇ ಸರಿ ಮಾಡಿದ್ದಲ್ವಾ? ಹಾಗಾದ್ರೆ ತಪ್ಪು ನಂದೇ ತಾನೇ? ನೀನಾದ್ರೂ ಹೇಳು.”

ಮೂವತ್ತೆರಡು ಅವನ ಅಂಗಿಯ ಜೇಬಿನಲ್ಲಿತ್ತು.

“ಸಾಹೇಬ್ರೇ ನೋಡಿದ್ರಲ್ಲಮ್ಮ,” ಎಂದ.

ಅವಳು ತಲೆಯಾಡಿಸಿದಳು, ಚಿಕ್ಕಂದಿನಿಂದ ಅಣ್ಣನ ಮಾತಿಗೆ ತಲೆಯಾಡಿಸಿದ ಹಾಗೆಯೇ. ಆಮೇಲೆ ಗಂಡನ ಮುಂದೆ ಹೋಗಿ ನಿಂತು, “ಅತ್ತೇನ ನಾನೇ ಸುಟ್ಟೆ ಕಣ್ರೀ,” ಎಂದಳು.