ಅಕ್ಕನ ಅಂಗಳದ ಪುಡಿ

"ಕೊಟ್ಟಿದ್ದನ್ನ ವಾಪಸ್ ತಗೊಂಡು ಹೋಗೋಕೆ ಲಾರಿ ತಂದಿದೀಯೇನೋ?" ಅಕ್ಕ ಬಾಗಿಲಲ್ಲೇ ನಿಂತು ನಕ್ಕಳು. ತಮ್ಮ ನಗಲಿಲ್ಲ. ಸಲಿಕೆ ಹಿಡಿದು ಅಂಗಳದ ಮೂಲೆಗೆ ನಡೆದ.

ಅವನು ಗಣಿಯ ಲ್ಯಾಬಿನಲ್ಲಿ ಕೆಮಿಸ್ಟು. ಅದಿರು ಅರೆದು ಲೋಹ ತೆಗೆದ ಮೇಲೆ ಉಳಿಯುವ ಬೂದುಬಣ್ಣದ ಪುಡಿ ಅಲ್ಲಿ ಗುಡ್ಡಗುಡ್ಡವಾಗಿ ಬಿದ್ದಿತ್ತು. ಮಳೆ ಬಂದರೆ ರಾಡಿಯಾಗುತ್ತಿದ್ದ ಅಕ್ಕನ ಅಂಗಳಕ್ಕೆ ಹೋದ ವರ್ಷ ಅದನ್ನೇ ಒಂದು ಲೋಡು ಹಾಕಿಸಿದ್ದ. "ಏನೂ ಆಗಲ್ಲ ತಾನೇ?" ಎಂದು ಭಾವ ಕೇಳಿದ್ದರು. "ಬರೀ ಕಲ್ಲಿನ ಪುಡಿ ಭಾವ. ನಾನಿಲ್ವಾ?" ಎಂದಿದ್ದ. ಪರೀಕ್ಷೆ ಮಾಡಿ ನೋಡಬೇಕೆಂದು ಆಗ ಹೊಳೆದೂ ಇರಲಿಲ್ಲ. ಮೊನ್ನೆ ಯಾರೋ ರಸ್ತೆಗೆ ಹಾಕಬಹುದೇ ಎಂದು ಕೇಳಿದ್ದರಿಂದ ಆ ಗುಡ್ಡದ ಪುಡಿ ಅವನ ಮೇಜಿಗೆ ಬಂತು. ಅದರಲ್ಲಿ ಆರ್ಸೆನಿಕ್ ಇತ್ತು. ಎಲ್ಲೋ ತಪ್ಪಿರಬೇಕೆಂದು ಮತ್ತೆ ಪರೀಕ್ಷೆ ಮಾಡಿದ. ಮತ್ತೆ ಇತ್ತು.

"ಭಾವನ ಮೇಲೆ ಕೋಪಾನಾ?"

"ಅಲ್ಲಕ್ಕ." ಅವನು ತಲೆ ಎತ್ತಲಿಲ್ಲ. "ಇದರಲ್ಲಿ ವಿಷ ಇದೆ."

ಅಕ್ಕ ಕೂಗಾಡಲಿಲ್ಲ. ಆ ಪುಡಿಯಲ್ಲೇ ಮನೆ ಕಟ್ಟಿಕೊಂಡು ಕೂತಿದ್ದ ಮಗಳನ್ನು ಎತ್ತಿಕೊಂಡು ನಲ್ಲಿಯ ಹತ್ತಿರ ಹೋದಳು. ಉಗುರಿನ ಸಂದು ಬಿಡದೆ ಉಜ್ಜಿದಳು.

"ಬಾಯಿಗೂ ಹಾಕ್ಕೊಂಡಿರ್ತಾಳೆ ಕಣೋ."

"ಈಗಲೇ ಡಾಕ್ಟರ್ ಹತ್ರ ಹೋಗೋಣ. ನಾನೇ ಕರ್ಕೊಂಡು ಹೋಗ್ತೀನಿ."

"ನೀನು ಓದಿದ್ದು ಇದನ್ನೇ ಅಲ್ವಾ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ಅವಳು ನಿಜಕ್ಕೂ ತಿಳಿಯದೆ ಕೇಳಿದಂತಿತ್ತು. ಅವನ ಕಿವಿ ಬಿಸಿಯಾಯಿತು.

"ಎದುರುಮನೆ ಅಜ್ಜಿಗೂ ಕೊಟ್ಟಿದೀನಿ," ಅಂದಳು ಅಕ್ಕ. "ಪಾತ್ರೆ ಉಜ್ಜೋಕೆ. ನಮ್ಮ ತಮ್ಮ ತಂದಿದ್ದು ಅಂತ ನಾನೇ ಕರೆದು ಕೊಟ್ಟೆ."

"ನೀನೇ ಒಂದು ಮಾತು ಹೇಳಿಬಿಡಕ್ಕ."

ಅಕ್ಕ ಮಗಳ ಕೈಗೆ ಮತ್ತೆ ಸೋಪು ಹಚ್ಚತೊಡಗಿದಳು. ಅವನ ಕಡೆ ನೋಡಲಿಲ್ಲ.

ಅವನೇ ರಸ್ತೆ ದಾಟಿ ಬಾಗಿಲು ತಟ್ಟಿದ. ಒಳಗೆ ಪಾತ್ರೆಯ ಸದ್ದು ನಿಂತಿತು.

"ಬಾರಪ್ಪ," ಅಜ್ಜಿಯ ಮುಖ ಅರಳಿತು. "ನೂರು ವರ್ಷ ಆಯಸ್ಸು ನಿಂಗೆ. ಪುಡಿ ಮುಗೀತಾ ಬಂತು, ಕೇಳೋಣ ಅಂತಿದ್ದೆ."

ಅವಳ ಕೈ ಮಣಿಕಟ್ಟಿನವರೆಗೂ ಬೂದುಬಣ್ಣವಾಗಿತ್ತು. ಬೆನ್ನ ಹಿಂದಿನ ಕಟ್ಟೆಯ ಮೇಲೆ ಬೋರಲು ಹಾಕಿದ ಲೋಟಗಳು ಸಾಲಾಗಿ ಹೊಳೆಯುತ್ತಿದ್ದವು.